‘30×’ ಎಂದು ಕೆತ್ತಿದ ಭೂತಗನ್ನಡಿ: ಜೇಡ ನೋಡುವವರಿಗೆ ಬಂದೀತೇ?

ಕಲಬುರಗಿಯ ಸರಾಫ್ ಬಜಾರ್ ಕಡೆ ಅಕ್ಕಸಾಲಿಗರ ಸಾಮಾನು ಮಾರುವವರ ಹತ್ತಿರ, ಗಡಿಯಾರ ರಿಪೇರಿಯವರ ಬಿಡಿಭಾಗದ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಂತೂ ಎಲ್ಲಿ ನೋಡಿದರಲ್ಲಿ, ಬೆಳ್ಳಿ ಬಣ್ಣದ ಮಡಚುವ ಭೂತಗನ್ನಡಿಯೊಂದು ಸಿಗುತ್ತದೆ. ಲೂಪ್ ಅಂದರೂ ಕೊಡುತ್ತಾರೆ, ಐ ಗ್ಲಾಸ್ ಅಂದರೂ ಕೊಡುತ್ತಾರೆ. ಹಿಡಿಯ ಮೇಲೆ ‘30×21’ ಎಂದು ಕೆತ್ತಿರುತ್ತದೆ. 21 ಅಂದರೆ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅದು ನಿಜ. 30 ಅಂದರೆ ಮೂವತ್ತು ಪಟ್ಟು. ಅದು ಸುಳ್ಳು. ಬೆಲೆ ಇನ್ನೂರು ರೂಪಾಯಿ ಆಸುಪಾಸು, ಚೌಕಾಸಿ ಬಲ್ಲವರಿಗೆ ಇನ್ನೂ ಕಡಿಮೆ. ಜೇಡ ನೋಡುವವರ ಲೆಕ್ಕದಲ್ಲಿ ಈ ದುಡ್ಡು ದಂಡವಾಗುವುದಿಲ್ಲ, ಆ ಸುಳ್ಳಿನಿಂದ ಲಾಭವೇ ಇದೆ.

ವಸ್ತು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಅದರಿಂದ ಏನು ನೋಡಬೇಕು ಅನ್ನುವುದರ ಮೇಲಿದೆ. ಹಾಲ್‌ಮಾರ್ಕ್ ಓದುವವರಿಗೆ ಒಂದು ಅಳತೆ, ನಮಗೆ ಬೇರೆ ಅಳತೆ. ಇಲ್ಲಿ ಇಟ್ಟುಕೊಂಡ ಪರೀಕ್ಷೆ ಒಂದೇ: ಜೇಡದ ಕೋರೆಹಲ್ಲು ಯಾವ ದಿಕ್ಕಿಗೆ ಮಡಚುತ್ತದೆ ಎಂದು ಈ ಗಾಜಿನಲ್ಲಿ ಸ್ಪಷ್ಟವಾಗಿ ಕಾಣಬೇಕು.

ಆ ಹಲ್ಲೇ ಯಾಕೆ? ಇಂದು 50,000ಕ್ಕೂ ಹೆಚ್ಚು ಜಾತಿಯ ಜೇಡಗಳಿಗೆ ಹೆಸರಿಟ್ಟಾಗಿದೆ. ಹೆಚ್ಚುಕಡಿಮೆ ಅವೆಲ್ಲವೂ ಎರಡು ದೊಡ್ಡ ವಂಶಗಳಲ್ಲಿ ಬರುತ್ತವೆ. ಬಿಲ ತೋಡಿಕೊಂಡು ಕೂರುವ, ಮೈತುಂಬ ರೋಮವಿರುವ ಟ್ಯಾರಂಟುಲಾ ಮತ್ತು ಅದರ ನೆಂಟರು ಮಿಗಲೊಮಾರ್ಫ್ ವಂಶ. ಗೋಡೆ, ಬೇಲಿ, ತೊಗರಿ ಹೊಲದಲ್ಲಿ ದಿನಾ ಕಾಣುವ ಮಿಕ್ಕವೆಲ್ಲ ಅರೇನಿಯೊಮಾರ್ಫ್ ವಂಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಷದ ವಿಕಾಸವನ್ನೇ ಅಧ್ಯಯನ ಮಾಡುವ ಪ್ರಯೋಗಾಲಯ ನಡೆಸುವ ಕಾರ್ತಿಕ್ ಸುಣಗಾರ್, ಅಲ್ಲಿನ ನಯೀಮ್ ಯೂಸುಫ್ ಶೇಖ್ ಜೊತೆ 2023ರಲ್ಲಿ ‘ಈಲೈಫ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜೇಡದ ವಿಷದಲ್ಲಿ ಪ್ರಧಾನವಾಗಿರುವ ಪುಟ್ಟ ಪ್ರೊಟೀನುಗಳ 78 ಹೊಸ ಮಹಾಕುಟುಂಬಗಳನ್ನು ಅವರು ಗುರುತಿಸಿದರು. ಅವೆಲ್ಲ ಒಂದೇ ಮೂಲ ಗಂಟಿನಿಂದ ಕವಲೊಡೆದವು ಎಂದು ತೋರಿಸಿದರು. ಆ ಮೂಲ ಗಂಟಿಗೆ ಇಟ್ಟ ಹೆಸರು ‘ಆದಿಶಕ್ತಿ’. ಕಾಲ ಸುಮಾರು 37.5 ಕೋಟಿ ವರ್ಷದ ಹಿಂದೆ, ಈ ಎರಡು ವಂಶಗಳಿಗೂ ಸಮಾನ ಪೂರ್ವಜವಾಗಿದ್ದ ಜೇಡದ ಮೈಯಲ್ಲಿ.

ಗಂಟು ಅನ್ನುವುದು ಅಲಂಕಾರದ ಮಾತಲ್ಲ. ಪ್ರೊಟೀನಿನ ಎಳೆಯಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಕೊಂಡಿಗಳು ಜೋಡಿಜೋಡಿಯಾಗಿ ಹೆಣೆದುಕೊಳ್ಳುತ್ತವೆ. ಎರಡು ಬಂಧ ಸೇರಿ ಉಂಗುರವಾದರೆ ಮೂರನೆಯದು ಆ ಉಂಗುರದ ಒಳಗಿಂದ ತೂರಿ ಹೋಗುತ್ತದೆ. ಹಾಗಾಗಿ ಶಾಖಕ್ಕಾಗಲಿ ಜೀರ್ಣರಸಕ್ಕಾಗಲಿ ಅದು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ವಿಷವಿರುವ ಬೇರೆ ಪ್ರಾಣಿಗಳಲ್ಲಿ ಹೆಚ್ಚಿನವು ಬೇರೆಬೇರೆ ಮೂಲದ ಪ್ರೊಟೀನುಗಳನ್ನು ಒಟ್ಟುಹಾಕಿ ವಿಷ ಕಟ್ಟಿಕೊಂಡಿವೆ. ಜೇಡ ಮಾತ್ರ ಒಂದೇ ಜೋಳದಲ್ಲಿ ರೊಟ್ಟಿ, ಕಡಬು, ನುಚ್ಚು, ಅಂಬಲಿ ಎಲ್ಲವನ್ನೂ ಮಾಡಿಕೊಂಡ ಸಂಸಾರ.

ಈ ಗಂಟನ್ನು ಯಾವ ಭೂತಗನ್ನಡಿಯೂ ತೋರಿಸದು. ವಿಷಗ್ರಂಥಿಯ ಆರ್‌ಎನ್‌ಎ ಓದಿ, ಕಂಪ್ಯೂಟರಿನಲ್ಲಿ ಸರಣಿಗಳನ್ನು ಹೋಲಿಸುವ ಕೆಲಸ ಅದು. ಆದರೆ ಆ ವಂಶ ಕವಲೊಡೆದ ಗುರುತು ಹೊರಗೇ ಇದೆ, ಬಾಯಿಯ ಮುಂದೆ. ಮಿಗಲೊಮಾರ್ಫ್‌ಗಳ ಎರಡು ಕೋರೆಗಳು ಅಕ್ಕಪಕ್ಕ ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತವೆ. ಕಡಿಯಬೇಕಾದರೆ ಮುಂಭಾಗ ಎತ್ತಿ, ಎರಡು ಗುದ್ದಲಿ ಒಟ್ಟಿಗೆ ಹಾಕಿದ ಹಾಗೆ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಅರೇನಿಯೊಮಾರ್ಫ್‌ಗಳ ಕೋರೆಗಳು ಎದುರುಬದುರು ಇಕ್ಕಳದ ಹಾಗೆ ಕೂಡುತ್ತವೆ.

ಇಷ್ಟು ನೋಡಲು ಮೂವತ್ತು ಪಟ್ಟು ಬೇಡ, ಹತ್ತು ಪಟ್ಟು ಸಾಕು. ಈ ಲೂಪಿನ ನಿಜವಾದ ಶಕ್ತಿಯೂ ಹತ್ತರ ಆಸುಪಾಸೇ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಅಳೆಯಬಹುದು. ಬಾಗಿಲಿಗೆ ಬೆನ್ನು ಕೊಟ್ಟು ಒಂದು ಬಿಳಿ ಹಾಳೆ ಹಿಡಿಯಿರಿ. ದೂರದ ಬಾಗಿಲಿನ ಬೆಳಕು ಗಾಜಿನ ಮೂಲಕ ಹಾಳೆಯ ಮೇಲೆ ಬೀಳಲಿ. ತಲೆಕೆಳಗಾದ ಪುಟ್ಟ ಬಾಗಿಲು ಹಾಳೆಯಲ್ಲಿ ಚೂಪಾಗಿ ಮೂಡಿದಾಗ ಗಾಜಿಗೂ ಹಾಳೆಗೂ ಎಷ್ಟು ಅಂತರ ಎಂದು ಸ್ಕೇಲಿನಲ್ಲಿ ನೋಡಿ, 250ನ್ನು ಆ ಮಿಲಿಮೀಟರಿನಿಂದ ಭಾಗಿಸಿ. 25 ಬಂದರೆ ಹತ್ತು ಪಟ್ಟು, 28 ಬಂದರೆ ಒಂಬತ್ತು. 35 ದಾಟಿತೋ, ಬಿಟ್ಟು ಬನ್ನಿ. ಸೂರ್ಯನ ಬೆಳಕಿನಲ್ಲಿ ಈ ಪ್ರಯೋಗ ಬೇಡ, ಕಲಬುರಗಿ ಬಿಸಿಲಿಗೆ ಹಾಳೆ ಹೊತ್ತಿಕೊಳ್ಳಲು ಗಾಜಿನ ನೆಪ ಸಾಕು.

ನಿಜವಾದ ಮೂವತ್ತು ಪಟ್ಟಿನ ಗಾಜಾಗಿದ್ದರೆ ಆ ಅಂತರ ಎಂಟೇ ಮಿಲಿಮೀಟರು ಚಿಲ್ಲರೆ ಇರುತ್ತಿತ್ತು. ಅಂದರೆ ಜೇಡಕ್ಕೆ ಗಾಜನ್ನು ಹೆಚ್ಚುಕಡಿಮೆ ತಾಗಿಸಿ ಹಿಡಿಯಬೇಕು. ಬೆಳಕು ಒಳಗೆ ಹೋಗುವುದಿಲ್ಲ, ಜೇಡವೂ ಕೂರುವುದಿಲ್ಲ. ಕೆತ್ತಿದ ಸುಳ್ಳು ಲಾಭದ್ದು ಅಂದದ್ದು ಇದಕ್ಕೇ.

ಇನ್ನೆರಡು ಪರೀಕ್ಷೆ. ಶಾಲೆಯ ಗ್ರಾಫ್ ಹಾಳೆಯ ಮೇಲೆ ಇಟ್ಟು ನೋಡಿ. ನಡುವಿನ ಮಿಲಿಮೀಟರ್ ಚೌಕಗಳು ನೇರವಾಗಿರುತ್ತವೆ, ಅಂಚಿಗೆ ಹೋದಂತೆ ಗೆರೆ ಬಾಗಿ ನೀಲಿ-ಹಳದಿ ಅಂಚು ಕಟ್ಟುತ್ತದೆ. ಈ ಬೆಲೆಯಲ್ಲಿ ನಡುವಿನ ಅರ್ಧದಷ್ಟು ಚೊಕ್ಕವಾಗಿದ್ದರೆ ತೃಪ್ತಿ ಪಡಬೇಕು. ಆಮೇಲೆ ಗಾಜೋ ಪ್ಲಾಸ್ಟಿಕ್ಕೋ ಎಂದು ಕೆನ್ನೆಗೆ ಒತ್ತಿ ನೋಡಿ. ಗಾಜು ತಣ್ಣಗೆ ತಾಗುತ್ತದೆ. ಪ್ಲಾಸ್ಟಿಕ್ ಆದರೆ ಒಂದು ಬೇಸಿಗೆಯ ಎರೆಮಣ್ಣಿನ ಧೂಳಿಗೆ ಮಂಜು ಮಂಜಾಗುತ್ತದೆ.

ಹಿಡಿಯುವ ಬಗೆಯಲ್ಲಿ ಬಹಳ ಜನ ಎಡವುತ್ತಾರೆ. ಸಿನಿಮಾದ ಪತ್ತೇದಾರನ ಹಾಗೆ ಗಾಜನ್ನು ಜೇಡದ ಹತ್ತಿರ ಹಿಡಿದು ತಾವು ದೂರ ನಿಂತರೆ ಕಾಸಿನಷ್ಟು ಜಾಗವೂ ಕಾಣದು. ಲೂಪನ್ನು ಹುಬ್ಬಿಗೆ ತಾಗಿಸಿ ಕಣ್ಣಿಗೆ ಅಂಟಿಸಿಕೊಳ್ಳಬೇಕು, ಹಿಡಿದ ಕೈ ಕೆನ್ನೆಗೆ ಊರಬೇಕು. ಜೇಡವಿರುವ ಡಬ್ಬಿ ಇಲ್ಲವೇ ಚೀಲ ಹಿಡಿದ ಇನ್ನೊಂದು ಕೈಯನ್ನು ಆ ಕೈಗೆ ಆನಿಸಿ, ಡಬ್ಬಿಯನ್ನೇ ಎರಡೂವರೆ ಸೆಂಟಿಮೀಟರಿನವರೆಗೆ ತರಬೇಕು. ಎರಡೂ ಕಣ್ಣು ತೆರೆದಿರಲಿ. ಒಮ್ಮೆಗೆ ಚೂಪಾಗಿ ಕಾಣುವ ಪದರ ಒಂದು ಮಿಲಿಮೀಟರು ಇದ್ದರೆ ಹೆಚ್ಚು. ಆದ್ದರಿಂದ ಕಣ್ಣು ಕಂಡಾಗ ಕೋರೆ ಮಸುಕು, ಕೋರೆ ಕಂಡಾಗ ಕಣ್ಣು ಮಸುಕು. ಡಬ್ಬಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಪದರ ಪದರವಾಗಿ ಓದಬೇಕು.

ಜೇಡವನ್ನು ಕೈಯಲ್ಲಿ ಹಿಡಿಯುವುದು ಬೇಡ. ಗೋಡೆಯ ಮೇಲಿದ್ದರೆ ಪಾರದರ್ಶಕ ಲೋಟ ಬೋರಲು ಹಾಕಿ, ಕೆಳಗಿಂದ ಲಗ್ನಪತ್ರಿಕೆಯ ದಪ್ಪ ಕಾಗದ ತೂರಿಸಿ. ಅಲ್ಲಿಂದ ಜಿಪ್ ಇರುವ ಪಾರದರ್ಶಕ ಚೀಲಕ್ಕೆ ದಾಟಿಸಿ, ಗಾಳಿ ಹೊರಹಾಕಿ, ಜೇಡ ಚೀಲದ ಮೂಲೆಗೆ ಬಂದಾಗ ಎರಡು ಬೆರಳಿನಲ್ಲಿ ಪ್ಲಾಸ್ಟಿಕ್ಕನ್ನು ಹಗುರಾಗಿ ಬಿಗಿ ಮಾಡಿ. ಕಾಲು ಅಗಲಿಸಿ ನಿಲ್ಲುತ್ತದೆ, ಚೀಲ ತಿರುಗಿಸಿದರೆ ಹೊಟ್ಟೆಯ ಭಾಗ ಮುಂದೆ ಬರುತ್ತದೆ. ಒತ್ತಿದರೆ ಹೊಟ್ಟೆ ಒಡೆಯುತ್ತದೆ. ಬಿಗಿ ಬೇರೆ, ಒತ್ತು ಬೇರೆ. ಎರಡು ನಿಮಿಷದಲ್ಲಿ ನೋಡಿ ಮುಗಿಸಿ ಹಿಡಿದಲ್ಲೇ ಬಿಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯನ್ನು ಬಯಲಲ್ಲಿಟ್ಟರೆ ಕೆಲವೇ ನಿಮಿಷದಲ್ಲಿ ಒಳಗಿನದು ಸಾಯುತ್ತದೆ.

ಕೆಳಭಾಗ ಕಂಡಾಗ ಇನ್ನೊಂದು ಗುರುತು ನೋಡಿಕೊಳ್ಳಿ. ಹೊಟ್ಟೆಯ ಮುಂಭಾಗದಲ್ಲಿ ತಿಳಿಬಣ್ಣದ ಮಚ್ಚೆಯ ಹಾಗೆ ಪುಸ್ತಕ-ಶ್ವಾಸಕೋಶಗಳು, ಅಂದರೆ ಪುಟಗಳಂತೆ ಪದರ ಪದರವಾದ ಉಸಿರಾಟದ ಅಂಗಗಳು, ಇರುತ್ತವೆ. ನಾಲ್ಕು ಮಚ್ಚೆ ಇದ್ದರೆ ಬಹುತೇಕ ಮಿಗಲೊಮಾರ್ಫ್, ಎರಡೇ ಇದ್ದರೆ ಅರೇನಿಯೊಮಾರ್ಫ್. ಕೋರೆಯ ಬಗ್ಗೆ ಅನುಮಾನ ಬಂದಾಗ ಇದು ಎರಡನೆಯ ಸಾಕ್ಷಿ.

ಯಾವುದರಿಂದ ಶುರು ಮಾಡಬೇಕು ಅನ್ನುವುದೂ ಮುಖ್ಯ. ಅಟ್ಟದ ಮೂಲೆಯಲ್ಲಿ ತಲೆಕೆಳಗಾಗಿ ತೂಗುವ ಉದ್ದಗಾಲಿನ ಜೇಡದಿಂದ ಬೇಡ. ಅದರ ದವಡೆ ತೀರ ಚಿಕ್ಕದು, ಹತ್ತು ಪಟ್ಟಿನಲ್ಲಿ ಏನೂ ತಿಳಿಯದೆ ಗಾಜಿಗೆ ಬೈಯುತ್ತೀರಿ. ರಾತ್ರಿ ಜಿರಲೆ ಹಿಡಿಯಲು ಗೋಡೆಗೆ ಚಪ್ಪಟೆಯಾಗಿ ಅಂಟಿ ನಿಲ್ಲುವ ಅಂಗೈಯಗಲದ ಬೇಟೆಗಾರ ಜೇಡ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಅದು ಕಳಚಿ ಬಿಟ್ಟ ಪೊರೆ. ಬಾಗಿಲ ಹಿಂದೆ, ಶಹಾಬಾದ್ ಕಲ್ಲಿನ ಗೋಡೆಯ ಸಂದಿಯಲ್ಲಿ, ಕಟ್ಟಿಗೆ ರಾಶಿಯಲ್ಲಿ ಸಿಗುತ್ತದೆ. ಪೊರೆಯಲ್ಲಿ ಕೋರೆ ಪೂರ್ತಿ ಉಳಿದಿರುತ್ತದೆ, ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳಗಳೂ ಉಳಿದಿರುತ್ತವೆ. ಒಣಗಿದ್ದರೆ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಅರ್ಧ ಗಂಟೆ ನೆನೆಸಿ, ಸೂಜಿ ಮೊನೆಯಿಂದ ಕೋರೆಯನ್ನು ಬಿಡಿಸಿ. ಕರಿಗೆಂಪು ಕೊಕ್ಕೆ, ಬುಡದಲ್ಲಿ ದಪ್ಪ, ತುದಿಗೆ ಸೂಜಿ. ಮಡಚಿಕೊಳ್ಳುವ ತೋಡಿನ ಅಂಚಿಗೆ ಗರಗಸದಂಥ ಹಲ್ಲುಗಳು. ಈ ಲೂಪಿನಲ್ಲಿ ಅಷ್ಟೂ ಕಾಣುತ್ತದೆ. ತುದಿಯ ಬಳಿ ವಿಷ ಹೊರಬೀಳುವ ರಂಧ್ರ ಮಾತ್ರ ಕಾಣದು, ಅದಕ್ಕೆ ಪ್ರಯೋಗಾಲಯದ ಸೂಕ್ಷ್ಮದರ್ಶಕವೇ ಬೇಕು.

ಮಿಗಲೊಮಾರ್ಫ್ ಹುಡುಕುವವರು ಮೊದಲ ಮಳೆಯಾದ ಮೇಲೆ ಬೀದರಿನ ಕೆಂಪು ಜಂಬಿಟ್ಟಿಗೆಯ ಏರಿಗಳಲ್ಲಿ, ಯಾದಗಿರಿಯ ಬಂಡೆಗಳ ಬುಡದಲ್ಲಿ ರೇಷ್ಮೆ ಹಾಸಿದ ಬಿಲದ ಬಾಯಿ ನೋಡಬೇಕು. ಬಿಲ ಅಗೆಯಬೇಡಿ. ಹೆಣ್ಣು ಅದೇ ಬಿಲದಲ್ಲಿ ವರ್ಷಾನುಗಟ್ಟಲೆ ಇರುತ್ತದೆ. ಹಳೆಯ ಪೊರೆಯನ್ನು ಅದೇ ಹೊರಗೆ ತಳ್ಳಿರುತ್ತದೆ, ಬಾಯಿಯ ಸುತ್ತ ಕಣ್ಣಾಡಿಸಿದರೆ ಸಾಕು. ಚಿಂಚೋಳಿ ವನ್ಯಧಾಮದ ಒಳಗೆ ಪೊರೆಯನ್ನೂ ಎತ್ತಿಕೊಂಡು ಬರುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು.

ಕೋರೆಯ ನಂತರ ಲೂಪಿನ ನಿಜವಾದ ಸಂಪಾದನೆ ಕಣ್ಣುಗಳು. ಮುಂದೆ ಎರಡು ದೊಡ್ಡ ದೀಪದಂಥ ಕಣ್ಣಿದ್ದರೆ ಜಿಗಿಯುವ ಜೇಡ. ಕೆಳಗೆ ಸಣ್ಣ ನಾಲ್ಕು, ಮೇಲೆ ದೊಡ್ಡ ಎರಡು, ಹಿಂದೆ ಇನ್ನೆರಡು ಇದ್ದರೆ ತೋಳ ಜೇಡ. ತೊಗರಿ, ಹತ್ತಿ ಗಿಡದ ಮೇಲೆ ಕಾಲಿನ ತುಂಬ ಮುಳ್ಳು ನಿಮಿರಿಸಿಕೊಂಡ ಲಿಂಕ್ಸ್ ಜೇಡಕ್ಕೆ ಕಣ್ಣುಗಳು ಷಟ್ಕೋನದಲ್ಲಿ ಜೋಡಿಸಿದ ಹಾಗಿರುತ್ತವೆ.

ಇನ್ನು ಭಯದ ಜೇಡ, ಪಿಟೀಲು ಜೇಡ. ಮೊಬೈಲಿನಲ್ಲಿ ಫೋಟೊ ಹರಿದಾಡಿದಾಗಲೆಲ್ಲ ಕಂದು ಬಣ್ಣದ ಜೇಡಗಳಿಗೆಲ್ಲ ಚಪ್ಪಲಿ ಏಟು ಬೀಳುತ್ತದೆ. ಲೊಕ್ಸೊಸಿಲಿಸ್ ಕುಲದ ಇದು ಭಾರತದಲ್ಲೂ ದಾಖಲಾಗಿರುವುದು ನಿಜ. ಅದರ ವಿಷದಲ್ಲಿ ಚರ್ಮ ಕೊಳೆಯಿಸುವ ಸ್ಫಿಂಗೊಮೈಲಿನೇಸ್ ಡಿ ಎಂಬ ಕಿಣ್ವವಿದೆ. ಅಮೆರಿಕದ ಲೂಯಿಸ್ ಅಂಡ್ ಕ್ಲಾರ್ಕ್ ಕಾಲೇಜಿನ ಗ್ರೆಟಾ ಬಿನ್‌ಫೋರ್ಡ್ ಬಹಳ ವರ್ಷ ಬೆನ್ನುಹತ್ತಿದ್ದು ಈ ಕಿಣ್ವದ ವಂಶಚರಿತ್ರೆಯನ್ನೇ. ಲೊಕ್ಸೊಸಿಲಿಸ್ ಮತ್ತು ಅದರ ಸೋದರ ಕುಲವಾದ ಸಿಕಾರಿಯಸ್ ಬಳಗದ ಜೇಡಗಳಲ್ಲಿರುವ ಇದೇ ಬಗೆಯ ಕಿಣ್ವ ಕೆಲವು ಬ್ಯಾಕ್ಟೀರಿಯಾಗಳಲ್ಲೂ ಇದೆ. ಮೇಲೆ ಹೇಳಿದ ಗಂಟಿನ ಪ್ರೊಟೀನುಗಳಿಗೂ ಇದಕ್ಕೂ ಸಂಬಂಧವಿಲ್ಲ.

ಬೆನ್ನಿನ ಮೇಲೆ ಪಿಟೀಲಿನ ಚಿತ್ರ ಹುಡುಕುವುದು ವ್ಯರ್ಥ, ಮಸುಕು ಕಂದು ಮಚ್ಚೆ ಎಷ್ಟೋ ಜೇಡಗಳಿಗಿದೆ. ಲೂಪ್ ಹಿಡಿದು ಕಣ್ಣು ಎಣಿಸಿ. ಎಂಟು ಇದ್ದರೆ ಮುಗಿಯಿತು, ಪಿಟೀಲು ಜೇಡವಲ್ಲ. ಆರು ಇದ್ದು, ಎರಡೆರಡರ ಮೂರು ಜೋಡಿಯಾಗಿದ್ದರೂ ಗಾಬರಿ ಬೇಡ. ನಮ್ಮ ಮನೆಗಳಲ್ಲಿ ಸಿಗುವ ಉಗುಳುವ ಜೇಡಕ್ಕೂ ಮೂರು ಜೋಡಿಯೇ. ಪಕ್ಕದಿಂದ ನೋಡಿ: ತಲೆ-ಎದೆಯ ಭಾಗ ಹಿಂದಕ್ಕೆ ಗೋಳಗುಮ್ಮಟದ ಹಾಗೆ ಉಬ್ಬಿದ್ದರೆ ಅದು ಉಗುಳುವ ಜೇಡ. ವಿಷ ಬೆರೆತ ಅಂಟು ರೇಷ್ಮೆಯನ್ನು ಕೋರೆಯಿಂದಲೇ ಬೇಟೆಯ ಮೇಲೆ ಚಿಮ್ಮಿಸುವುದು ಅದರ ಕಸುಬು, ಆ ಗ್ರಂಥಿಗಳಿಗೆ ಜಾಗ ಬೇಕಾಗಿ ಆ ಗುಮ್ಮಟ. ಪಿಟೀಲು ಜೇಡದ್ದು ಚಪ್ಪಟೆ. ಈ ಒಂದು ವ್ಯತ್ಯಾಸಕ್ಕಾಗಿಯೇ ಇನ್ನೂರು ರೂಪಾಯಿ ಕೊಡಬಹುದು. ಅಂದಹಾಗೆ, ಮಳೆಗಾಲದಲ್ಲಿ ಕುತ್ತಿಗೆಯಲ್ಲಿ ಉರಿಗುಳ್ಳೆ ಎದ್ದರೆ ‘ಜೇಡ ಹರಿದಾಡ್ಯದ’ ಅನ್ನುವ ಮಾತಿದೆ. ಆ ಗುಳ್ಳೆಗೆ ಎಷ್ಟೋ ಸಲ ಕಾರಣ ದೀಪಕ್ಕೆ ಬರುವ, ಕಪ್ಪು-ಕಿತ್ತಳೆ ಪಟ್ಟೆಯ ಪೀಡೆರಸ್ ಎಂಬ ಸಣ್ಣ ಹುಳ. ಅದನ್ನು ಚರ್ಮದ ಮೇಲೆ ಜಜ್ಜಿದಾಗ ಅದರ ರಸ ಸುಡುತ್ತದೆ.

ಈಗ ಲೂಪಿನ ದೋಷಗಳು. ಗಾಜು ಕೂತಿರುವ ಬಿಲ್ಲೆಯನ್ನು ಕವಚಕ್ಕೆ ಹಿಡಿದಿರುವ ಮೊಳೆ ಮೂರು-ನಾಲ್ಕು ತಿಂಗಳಲ್ಲಿ ಸಡಿಲಾಗಿ ಬಿಲ್ಲೆ ಜೋತು ಬೀಳುತ್ತದೆ. ಸ್ಕ್ರೂ ಇದ್ದರೆ ಗಡಿಯಾರದ ಡ್ರೈವರಿನಲ್ಲಿ ಕಾಲು ಸುತ್ತು ಬಿಗಿಸಬಹುದು. ರಿವೆಟ್ ಹೊಡೆದಿದ್ದರೆ ಬಿಗಿಸುವ ದಾರಿಯಿಲ್ಲ, ಹಾಗಾಗಿ ಕೊಳ್ಳುವಾಗಲೇ ಸ್ಕ್ರೂ ಇರುವುದನ್ನು ಆರಿಸಿ. ಬೆವರಿಗೆ ಹೊಳಪು ಕಿತ್ತು ಹಿತ್ತಾಳೆ ಕಾಣುತ್ತದೆ, ಅದರಿಂದ ಕೆಲಸಕ್ಕೆ ತೊಂದರೆಯಿಲ್ಲ. ಎಲ್‌ಇಡಿ ಇರುವ ಮಾದರಿಗೆ ಹೆಚ್ಚು ದುಡ್ಡು ಕೊಡುವುದು ದಂಡ. ಅದರ ಬೆಳಕು ಒಂದೇ ಕಡೆಯಿಂದ ಬಿದ್ದು ಜೇಡದ ನುಣುಪು ಮೈಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತದೆ, ಕಣ್ಣು ನೋಡಲು ಹೋದರೆ ಆ ಚುಕ್ಕೆಯೇ ಕಾಣುತ್ತದೆ. ಈಗಾಗಲೇ ಕೊಂಡಿದ್ದರೆ ಎಲ್‌ಇಡಿ ಮೇಲೆ ಬಟರ್ ಪೇಪರಿನ ಚೂರು ಅಂಟಿಸಿ. ಧೂಳು ಕೂತಾಗ ಅಂಗಿಯ ಚುಂಗು, ಟವೆಲ್ ಮುಟ್ಟಿಸಬೇಡಿ. ಮೊದಲು ರಬ್ಬರ್ ಬಲ್ಬಿನಿಂದ ಊದಿ, ಆಮೇಲೆ ಒದ್ದೆ ಹತ್ತಿ.

ವಾರಕ್ಕೆರಡು ದಿನ ಹೊಲ-ಗುಡ್ಡ ತಿರುಗುವವರು ಸಾವಿರ ರೂಪಾಯಿ ದಾಟಿಸಿ ‘ಟ್ರಿಪ್ಲೆಟ್’ ಎಂದು ಬರೆದ, 10× ಎಂದೇ ಪ್ರಾಮಾಣಿಕವಾಗಿ ಕೆತ್ತಿದ ಲೂಪ್ ಕೊಳ್ಳಲಿ. ಮೂರು ಗಾಜು ಅಂಟಿಸಿ ಮಾಡಿದ್ದರಿಂದ ಅಂಚಿನವರೆಗೂ ಗೆರೆ ನೇರ, ಬಣ್ಣದ ಅಂಚಿಲ್ಲ. ಶಾಲೆಯ ಮಕ್ಕಳ ಕೈಗೆ ಅದು ಬೇಡ. ಕಳೆದುಹೋದರೆ ಹೊಟ್ಟೆ ಉರಿಯುವ ವಸ್ತುವನ್ನು ಯಾರೂ ಧೈರ್ಯವಾಗಿ ಬಳಸುವುದಿಲ್ಲ.

ಮೊಬೈಲಿಗೆ ಕಚ್ಚಿಸುವ ಮ್ಯಾಕ್ರೊ ಲೆನ್ಸ್ ಇದರ ಜೊತೆಗಾರ, ಬದಲಿಯಲ್ಲ. ಮೂರು ಕ್ಯಾಮೆರಾದ ಫೋನುಗಳಲ್ಲಿ ಯಾವುದು ಮುಖ್ಯ ಕ್ಯಾಮೆರಾ ಎಂದು ಬೆರಳಿನಿಂದ ಒಂದೊಂದೇ ಮುಚ್ಚಿ ತಿಳಿದುಕೊಳ್ಳಿ. 1× ಇದ್ದಾಗ ಯಾವುದನ್ನು ಮುಚ್ಚಿದರೆ ಪರದೆ ಕಪ್ಪಾಗುತ್ತದೋ ಅದರ ಮೇಲೆ ಕ್ಲಿಪ್. ತಾನಾಗಿ ಮ್ಯಾಕ್ರೊಗೆ ಹಾರುವ ಸೌಲಭ್ಯವನ್ನು ಬಂದ್ ಮಾಡದಿದ್ದರೆ ಫೋನು ಪಕ್ಕದ ಕ್ಯಾಮೆರಾಕ್ಕೆ ಜಿಗಿಯುತ್ತದೆ, ಲೆನ್ಸ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಪರದೆಯ ಒಂದು ಮೂಲೆ ಮಾತ್ರ ಕಪ್ಪಾದರೆ ಲೆನ್ಸ್ ನಡುವಿಗಿಲ್ಲ ಎಂದರ್ಥ, ಸರಿಸಿ. ನಾಲ್ಕೂ ಮೂಲೆ ಕಪ್ಪಾದರೆ 2× ಮಾಡಿ. ಫೋಕಸ್‌ಗೆ ಪರದೆ ತಟ್ಟುತ್ತ ಕೂರದೆ ಫೋನನ್ನೇ ಹಿಂದೆ ಮುಂದೆ ಸರಿಸುತ್ತ ಹತ್ತಿಪ್ಪತ್ತು ಚಿತ್ರ ಹೊಡೆಯಿರಿ, ಒಂದೆರಡು ನಿಲ್ಲುತ್ತವೆ. ಐನ್ಯಾಚುರಲಿಸ್ಟ್‌ನಂಥ, ಜೀವಿಗಳ ಚಿತ್ರ ಹಂಚಿ ಗುರುತು ಕೇಳುವ ಜಾಲತಾಣಕ್ಕೆ ಹಾಕುವುದಾದರೆ ಬೆನ್ನು, ಮುಖ, ಹೊಟ್ಟೆ, ಬಲೆ, ಹೀಗೆ ನಾಲ್ಕು ನೋಟ ಬೇಕು, ಕೆಳಗೆ ಗ್ರಾಫ್ ಹಾಳೆ ಇದ್ದರೆ ಅಳತೆಯ ಚಿಂತೆಯಿಲ್ಲ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಕ್ಲಿಪ್ಪಿನ ರಬ್ಬರ್ ಕರಗಿ ಅಂಟಂಟಾಗುತ್ತದೆ.

‘1000×’ ಎಂದು ಮಾರುವ ಯುಎಸ್‌ಬಿ ಸೂಕ್ಷ್ಮದರ್ಶಕ ಬೇಡ. ಆ ಸಂಖ್ಯೆ ಪರದೆಯಲ್ಲಿ ಹಿಗ್ಗಿಸಿದ್ದರ ಲೆಕ್ಕ, ಮೇಲಾಗಿ ಅಲುಗಾಡುವ ಜೇಡಕ್ಕೆ ಅದು ಫೋಕಸ್ ಆಗುವಷ್ಟರಲ್ಲಿ ಜೇಡ ಮೇಜಿನ ಆಚೆ ಇರುತ್ತದೆ.

ಲೂಪಿನ ನಂತರ ಎರಡನೆಯ ಖರ್ಚು ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಆಗಲಿ. ತೋಳ ಜೇಡದ ಹಿಂದಿನ ಕಣ್ಣುಗಳ ಒಳಗೆ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಪದರವಿದೆ. ದೀಪ ನಿಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಮಾತ್ರ ಆ ಮಿನುಗು ನಿಮಗೆ ಬರುತ್ತದೆ. ಬ್ಯಾಟರಿಯನ್ನು ಸೊಂಟದ ಹತ್ತಿರ ಹಿಡಿದರೆ ಹೊಲವೆಲ್ಲ ಖಾಲಿ ಕಾಣುತ್ತದೆ. ಅದೇ ಬೆಳಕು ಹಣೆಗೆ ಬಂದ ಕೂಡಲೇ ಎರೆಹೊಲದ ಬಿರುಕುಗಳ ಅಂಚಿನಲ್ಲಿ ಹಸಿರು-ಬೆಳ್ಳಿಯ ಚುಕ್ಕಿಗಳು ಹೊತ್ತಿಕೊಳ್ಳುತ್ತವೆ. ತೊಗರಿ ಬೆಳೆಗಾರರು ಒಮ್ಮೆಯಾದರೂ ಇದನ್ನು ನೋಡಬೇಕು, ರಾತ್ರಿಪಾಳಿಯ ಕೂಲಿಯಿಲ್ಲದ ಕಾವಲುಗಾರರು ಎಷ್ಟು ಮಂದಿ ಎಂದು. ಅಮೆರಿಕದಲ್ಲಿ ಆಸ್ಟ್ರೇಲಿಯಾದ ಫನೆಲ್‌ವೆಬ್ ಜೇಡದ ವಿಷದ ಒಂದು ಗಂಟು-ಪ್ರೊಟೀನನ್ನೇ ಆಧರಿಸಿ ಎಲೆ ತಿನ್ನುವ ಹುಳುಗಳಿಗೆ ‘ಸ್ಪಿಯರ್’ ಎಂಬ ಸಿಂಪಡಣೆ ತಯಾರಿಸಿ ಮಾರುತ್ತಿದ್ದಾರೆ. ಅದೇ ಬಳಗದ ಇನ್ನೊಂದು ಜೇಡದ ಎಚ್‌ಐ1ಎ ಎಂಬ ಜೋಡಿಗಂಟಿನ ಪ್ರೊಟೀನು ಲಕ್ವದ ನಂತರ ಮಿದುಳಿಗಾಗುವ ಹಾನಿಯನ್ನು ತಗ್ಗಿಸುತ್ತದೆ ಎಂದು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೆನ್ ಕಿಂಗ್ ತಂಡ 2017ರಲ್ಲಿ ಇಲಿಗಳಲ್ಲಿ ತೋರಿಸಿತು. ನಮ್ಮ ಹೊಲದ ಜೇಡಗಳು ಅದೇ ಆದಿಗಂಟಿನ ವಾರಸುದಾರರು, ಸಿಂಪಡಣೆಗೆ ಕಾಯದೆ ಎಳೆಯ ಹುಳುಗಳನ್ನು ನೇರವಾಗಿ ಹಿಡಿಯುತ್ತವೆ. ಹೂ ಬಿಡುವ ಹೊತ್ತಿಗೆ ಸಿಕ್ಕಸಿಕ್ಕ ಔಷಧಿ ಹೊಡೆದರೆ ಮೊದಲು ಸಾಯುವವರಲ್ಲಿ ಇವೂ ಸೇರುತ್ತವೆ.

ಕಡೆಯದಾಗಿ, ಖೋಟಾ ನೋಟು ನೋಡಲು ವ್ಯಾಪಾರಿಗಳು ಇಟ್ಟುಕೊಳ್ಳುವ ನೇರಳೆ ಬೆಳಕಿನ ಸಣ್ಣ ಟಾರ್ಚ್. ಜೇಡ ಹುಡುಕಲು ಅದರಿಂದ ಹೆಚ್ಚು ಉಪಯೋಗವಿಲ್ಲ, ಚೇಳಿಗೆ ಬೇಕು. ಈ ಭಾಗದಲ್ಲಿ ಹಾಸುಗಲ್ಲು ಎತ್ತುವಾಗ ಹೆದರಬೇಕಾದ್ದು ಕೆಂಪು ಚೇಳಿಗೆ ಮತ್ತು ಉರಿಮಂಡಲ ಹಾವಿಗೆ. ಚೇಳು ಆ ಬೆಳಕಿನಲ್ಲಿ ಹಸಿರು-ನೀಲಿಯಾಗಿ ಹೊಳೆಯುತ್ತದೆ, ಹಾವು ಹೊಳೆಯುವುದಿಲ್ಲ. ಆದ್ದರಿಂದ ಕಲ್ಲಿನ ಆಚೆ ಅಂಚನ್ನು ಕೋಲಿನಿಂದ ಮೀಟಿ ನಿಮ್ಮ ಕಡೆಗೆ ಎತ್ತಿ, ಕಲ್ಲೇ ಅಡ್ಡಗೋಡೆಯಾಗಿ ನಿಲ್ಲಲಿ, ಒಳಗಿರುವುದು ಆಚೆಗೆ ಓಡಲಿ. ನೋಡಿದ ಮೇಲೆ ಕಲ್ಲನ್ನು ಇದ್ದ ಗುರುತಿಗೇ ಇಡಿ.